ಪಠ್ಯಕ್ರಮ ಬರೆಯುವ ಮುನ್ನ ಪಾಠ ಮಾಡುವವರನ್ನು ಕೇಳಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಮತ್ತು ಕರ್ನಾಟಕ ಪಠ್ಯಪುಸ್ತಕ ಸಂಘದ ಹಿರಿಯ ಅಧಿಕಾರಿಗಳಿಗೆ,

ರಾಯಚೂರು ಜಿಲ್ಲೆಯ ಎರೆಸೀಮೆಯ ಒಂದು ಹಳ್ಳಿಯಿಂದ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕಿಯೊಬ್ಬಳ ನಮಸ್ಕಾರಗಳು.

ಮೊದಲು ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ಹೊಲದಲ್ಲಿ ಹತ್ತಿ ಹೂ ಬಿಡುವ ಕಾಲ. ಏಳನೇ ತರಗತಿಗೆ ಸಸ್ಯಗಳ ಸಂತಾನೋತ್ಪತ್ತಿಯ ಪಾಠ ನಡೆದಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಹನ್ನೊಂದು ದಿನದಿಂದ ಬಂದಿರಲಿಲ್ಲ. ಒಂದು ಶನಿವಾರ ಮುಂಜಾನೆ ಬಂದು ಬಾಗಿಲಲ್ಲಿ ನಿಂತಳು. "ಯಾಕವ್ವ, ಇಷ್ಟು ದಿನ ಎಲ್ಲಿದ್ದಿ?" ಎಂದೆ. "ಕ್ರಾಸಿಂಗ್‌ಗೆ ಹೋಗಿದ್ನಿ ರೀ ಟೀಚರ್" ಎಂದಳು.

ಕ್ರಾಸಿಂಗ್ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತವರಿಗಾಗಿ ಬಿಡಿಸಿ ಹೇಳುತ್ತೇನೆ. ಹೈಬ್ರಿಡ್ ಹತ್ತಿ ಬೀಜ ಮಾಡುವ ಹೊಲಗಳಲ್ಲಿ ಸಂಜೆ ಹೊತ್ತು ಮೊಗ್ಗುಗಳನ್ನು ಬಿಡಿಸಿ ಅದರೊಳಗಿನ ಕೇಸರಗಳನ್ನು ಉಗುರಿನಿಂದ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡಾಗಿ ಬಳಸುವ ಬೇರೆ ತಳಿಯ ಹೂವು ತಂದು ಆ ಹೂವಿನ ತುದಿಗೆ ಸವರುತ್ತಾರೆ. ಸಾವಿರಾರು ಹೂವುಗಳಿಗೆ, ಒಂದೊಂದಕ್ಕೂ ಕೈಯಿಂದಲೇ ಆಗಬೇಕಾದ ಕೆಲಸ. ಸಣ್ಣ ಬೆರಳು ಬೇಕು, ಹತ್ತಿ ಗಿಡದ ಎತ್ತರಕ್ಕೆ ಹೊಂದುವ ಮೈ ಬೇಕು. ಹೀಗಾಗಿ ಹುಡುಗಿಯರನ್ನು ಕರೆದೊಯ್ಯುತ್ತಾರೆ.

ಅಂದು ನಾನು ಮನೆಯಂಗಳದ ದಾಸವಾಳ ಒಯ್ದಿದ್ದೆ. ಹೂವು ತೋರಿಸಿ ಕೇಸರ, ಶಲಾಕೆ, ಶಲಾಕಾಗ್ರ ಎಂದು ಹಲಗೆಯ ಮೇಲೆ ಬರೆಯುತ್ತಿದ್ದಾಗ ಆ ಹುಡುಗಿ ಮೆಲ್ಲಗೆ, "ಟೀಚರ್, ಇದು ಹತ್ತಿ ಹೂವಿನಂಗ ಐತ್ರಿ" ಎಂದಳು. ಹತ್ತಿಯೂ ದಾಸವಾಳವೂ ಒಂದೇ ಕುಟುಂಬದ ಗಿಡಗಳು. ಅದನ್ನು ಸಸ್ಯಶಾಸ್ತ್ರದ ಪುಸ್ತಕ ಹೇಳುತ್ತದೆ. ಅವಳು ನೋಡಿಯೇ ಹೇಳಿದಳು. ಹೂವನ್ನು ಅವಳ ಕೈಗೆ ಕೊಟ್ಟೆ. ನಡುವಿನ ದಂಟನ್ನು ಎರಡು ಬೆರಳಲ್ಲಿ ಹಿಡಿದು, ಸುತ್ತಲಿನ ಹಳದಿ ಪುಡಿಯ ಗುಂಡುಗಳನ್ನು ಹೆಬ್ಬೆರಳ ಉಗುರಿನಿಂದ ಒಂದೇ ಎಳೆತಕ್ಕೆ ಬಿಡಿಸಿದಳು. "ಇದನ್ನ ಸಂಜಿಮುಂದ ತೆಗೀಬೇಕ್ರಿ, ಮೊಗ್ಗು ಇರೂವಾಗ. ತುದಿಗೆ ಉಗುರು ತಾಗ್ಬಾರ್ದು. ತಾಗಿದ್ರ ಕಾಯಿ ಹಿಡಿಯಂಗಿಲ್ರಿ." ಇಡೀ ತರಗತಿ ಅವಳ ಬೆರಳನ್ನೇ ನೋಡುತ್ತಿತ್ತು. ಆ ಬೆರಳ ತುದಿ ಒಡೆದು ಕಪ್ಪಾಗಿತ್ತು.

ಸೋಮವಾರ ಕಿರುಪರೀಕ್ಷೆ. "ಪರಾಗಸ್ಪರ್ಶ ಎಂದರೇನು?" ಎಂಬ ಎರಡು ಅಂಕದ ಪ್ರಶ್ನೆ ಇತ್ತು. ಆ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ಹನ್ನೊಂದು ದಿನ ಕೈಯಾರೆ ಪರಾಗಸ್ಪರ್ಶ ಮಾಡಿ ಬಂದ ಮಗು ಪರಾಗಸ್ಪರ್ಶದ ಪಾಠವನ್ನೇ ತಪ್ಪಿಸಿಕೊಂಡಿತ್ತು. ಅದೇ ಪ್ರಶ್ನೆಯಲ್ಲಿ ಅದಕ್ಕೆ ಸೊನ್ನೆ ಬಂತು. ಆ ಸೊನ್ನೆ ಬರೆದದ್ದು ನನ್ನ ಕೈ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಮಕ್ಕಳು ಹೊಲದಲ್ಲಿ ದುಡಿಯುವುದನ್ನು ನಾನು ಎತ್ತಿಹಿಡಿಯುತ್ತಿಲ್ಲ. ಅವಳ ಮನೆಗೆ ಮೂರು ಸಲ ಹೋದೆ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಜಗಳವಾಡಿದೆ. ಅವಳ ಜಾಗ ಶಾಲೆಯೇ. ಆದರೆ ಅವಳು ಶಾಲೆಗೆ ತಂದ ತಿಳಿವಳಿಕೆಗೆ ನಮ್ಮ ಪಠ್ಯಕ್ರಮದಲ್ಲಿ ಕೂರಲು ಒಂದು ಮಣೆಯೂ ಇರಲಿಲ್ಲ. ಅಂದು ತರಗತಿಯಲ್ಲಿ ಏನಾಯಿತು ಎಂಬುದನ್ನು ಆ ಪಾಠ ಬರೆದವರಿಗೆ ತಿಳಿಸಲು ನನಗೂ ದಾರಿ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ದಾರಿಗಾಗಿ.

ಈಗಲೇ ಬರೆಯಲು ಕಾರಣವಿದೆ. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ತನ್ನ ವರದಿ ಕೊಟ್ಟಿದೆ. ಅದರಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಬಿಡುತ್ತೀರಿ ಎಂಬುದು ಸರ್ಕಾರದ ತೀರ್ಮಾನ. ಯಾವ ತೀರ್ಮಾನವಾದರೂ ಅದರ ಮುಂದಿನ ಹೆಜ್ಜೆ ಪಠ್ಯಕ್ರಮ, ಪಠ್ಯವಸ್ತು, ಪಠ್ಯಪುಸ್ತಕ. ಸಮಿತಿಗಳ ಹೆಸರು ಪ್ರಕಟವಾದ ಮೇಲೆ ಬರೆದರೆ ಅದು ದೂರು ಆಗುತ್ತದೆ. ಅದಕ್ಕೂ ಮೊದಲು ಬರೆದರೆ ಸಲಹೆ ಎಂದಾದರೂ ಕೇಳಿಸಿಕೊಳ್ಳುತ್ತೀರಿ ಎಂಬ ಆಸೆ.

ಸಮಿತಿಗಳಲ್ಲಿ ಶಿಕ್ಷಕರೇ ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಪುಟಗಳಲ್ಲಿ ರಚನಾ ಸಮಿತಿಯ ಪಟ್ಟಿ ಇರುತ್ತದೆ. ಸದಸ್ಯರ ಸಾಲಿನಲ್ಲಿ ಸಹಶಿಕ್ಷಕರು, ಸರ್ಕಾರಿ ಪ್ರೌಢಶಾಲೆ ಎಂಬ ಹೆಸರುಗಳು ಕಾಣುತ್ತವೆ. ಅವರಲ್ಲಿ ಕೆಲವರನ್ನು ನಾನು ಬಲ್ಲೆ. ರಾತ್ರಿ ನಿದ್ದೆಗೆಟ್ಟು ಬರೆದವರು. ನನ್ನ ಪ್ರಶ್ನೆ ಅವರ ಶ್ರಮದ ಬಗ್ಗೆ ಅಲ್ಲ. ಯಾವುದನ್ನು ಕಲಿಸಬೇಕು, ಯಾವ ತರಗತಿಯಲ್ಲಿ, ಯಾವ ಅನುಕ್ರಮದಲ್ಲಿ, ಎಷ್ಟು ಅವಧಿಯಲ್ಲಿ ಎಂಬುದೆಲ್ಲ ತೀರ್ಮಾನವಾದ ಮೇಲೆ ಶಿಕ್ಷಕರನ್ನು ಕರೆಯುತ್ತಾರೆ. ಮನೆ ಕಟ್ಟಿ ಮುಗಿದ ಮೇಲೆ, ಅಡುಗೆಮನೆ ಎಲ್ಲಿರಬೇಕಿತ್ತು ಎಂದು ಮನೆಯೊಡತಿಯನ್ನು ಕೇಳಿದ ಹಾಗೆ.

ಒಂದು ಸಲ ನನಗೂ ಅಂಥ ಕರೆ ಬಂದಿತ್ತು. ಮೂರು ದಿನದ ಪರಿಶೀಲನಾ ಕಾರ್ಯಾಗಾರ. ಶಾಲೆಯಿಂದ ಬೇರೆ ಕರ್ತವ್ಯಕ್ಕೆ ಕಳಿಸುವ ಓಓಡಿ ಆದೇಶ ಕೈಗೆ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಹಳೆಯ ಪಾಠ ಟಿಪ್ಪಣಿಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ರಾತ್ರಿ ಬಸ್ಸು ಹತ್ತಿದೆ. ಅಲ್ಲಿ ಹೋದರೆ ಪುಟವಿನ್ಯಾಸ ಮುಗಿದ, ಚಿತ್ರಗಳು ಕೂತ ಕರಡು ಪ್ರತಿ ಕೈಗಿಟ್ಟರು. "ಕಾಗುಣಿತ ತಪ್ಪಿದ್ದರೆ ಗುರುತು ಹಾಕಿ ಮೇಡಂ, ವಿಷಯ ಎಲ್ಲ ಅಂತಿಮವಾಗಿದೆ" ಎಂದರು. ನಾಲ್ಕನೇ ಪಾಠ ಮಕ್ಕಳಿಗೆ ಎರಡನೆಯದಕ್ಕಿಂತ ಸುಲಭ, ಅದನ್ನು ಮೊದಲಿಗೆ ತರಬಹುದೇ ಎಂದು ಕೇಳಿದೆ. ಸಂಪನ್ಮೂಲ ವ್ಯಕ್ತಿಗಳು ಒಳ್ಳೆಯವರೇ, ಅಸಹಾಯಕರಾಗಿ ನಕ್ಕರು. ಮೂರು ದಿನ ಒತ್ತಕ್ಷರ ತಿದ್ದಿ ವಾಪಸ್ಸು ಬಂದೆ. ಟಿಪ್ಪಣಿಯ ಚೀಲವನ್ನು ಬಿಚ್ಚಲೇ ಇಲ್ಲ.

2022 ಮತ್ತು 2023ರ ಬೇಸಿಗೆಗಳು ತಮಗೂ ನೆನಪಿರುತ್ತವೆ. 2022ರಲ್ಲಿ ಪಠ್ಯ ಪರಿಷ್ಕರಣೆಯ ಗದ್ದಲವೆದ್ದಿತು. ಹಿರಿಯ ಲೇಖಕರು ತಮ್ಮ ಬರಹಗಳಿಗೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು. ಪುಸ್ತಕಗಳು ಆಗಲೇ ಅಚ್ಚಾಗಿ ಶಾಲೆ ಸೇರುತ್ತಿದ್ದವು. ಯಾವ ಪಾಠ ಬಿಡಬೇಕು, ಯಾವುದನ್ನು ಸೇರಿಸಿಕೊಳ್ಳಬೇಕು ಎಂದು ಪೂರಕ ಪುಸ್ತಿಕೆ ಬಂತು. ಯಾವ ಪಾಠ ಇರಬೇಕಿತ್ತು ಎಂಬುದರ ಬಗ್ಗೆ ನನಗೂ ಒಂದು ನಿಲುವಿದೆ, ಅದು ಈ ಪತ್ರದ ವಿಷಯವಲ್ಲ. ಎರಡೂ ಬೇಸಿಗೆಯಲ್ಲಿ ಟಿವಿಯಲ್ಲಿ, ಪತ್ರಿಕೆಯಲ್ಲಿ, ಬೀದಿಯಲ್ಲಿ ಪಠ್ಯಪುಸ್ತಕದ ಬಗ್ಗೆ ಮಾತಾಡದವರೇ ಇರಲಿಲ್ಲ. ಆ ಪಾಠಗಳನ್ನು ನಿಜವಾಗಿ ಮಾಡಿದವರನ್ನು ಕರೆದು, "ಮಕ್ಕಳಿಗೆ ಇದು ಹೇಗೆ ತಲುಪಿತು?" ಎಂದು ಕೇಳಿದ್ದನ್ನು ನಾನು ಕಾಣಲಿಲ್ಲ. ಯಾರ ಪಾಠ ಎಂಬುದಷ್ಟೇ ಚರ್ಚೆ. ಐದನೇ ತರಗತಿಯ ಮಗು ಆ ಪಾಠದ ಮೊದಲ ವಾಕ್ಯವನ್ನು ಓದಬಲ್ಲದೇ ಎಂಬುದು ಚರ್ಚೆಗೇ ಬರಲಿಲ್ಲ.

ಇನ್ನು, ಶಿಕ್ಷಕರಿಗೆ ಪಠ್ಯಕ್ರಮ ಕಟ್ಟುವ ಶಕ್ತಿ ಇದೆಯೇ ಎಂಬ ಅನುಮಾನ. ಬಾಯಿಬಿಟ್ಟು ಹೇಳದಿದ್ದರೂ ಇದು ಅನೇಕರ ಮನಸ್ಸಿನಲ್ಲಿದೆ. ಇದಕ್ಕೆ ಉತ್ತರ ನಮ್ಮ ಇಲಾಖೆಯ ಇತಿಹಾಸದಲ್ಲೇ ಇದೆ, ಅದರ ಹೆಸರು ನಲಿಕಲಿ.

1990ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ಒಂದು ಗುಂಪು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿಬಂತು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದು ಸುಮ್ಮನೆ ನಕಲು ಮಾಡಲಿಲ್ಲ. ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕನ್ನಡದ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದರು, ಕಾರ್ಡು ಬರೆದರು, ಹಾಡು ಕಟ್ಟಿದರು, ತರಗತಿಯಲ್ಲಿ ಮಾಡಿ ನೋಡಿ ತಿದ್ದಿದರು. ಅದು ಬೆಳೆದು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು.

ನಾನು ಆ ವರ್ಷ ಒಂದನೇ ತರಗತಿಗೆ ಪಾಠ ಮಾಡುತ್ತಿದ್ದೆ. ಅಲ್ಲಿಯತನಕ ಮಗುವಿಗೆ ಅ ಆ ಇ ಈ ಎಂದು ಸ್ಲೇಟು ತುಂಬ ತಿದ್ದಿಸುತ್ತಿದ್ದೆ. ವರ್ಣಮಾಲೆ ಮುಗಿಯುವ ಹೊತ್ತಿಗೆ ದೀಪಾವಳಿ ಬರುತ್ತಿತ್ತು, ಆಗಲೂ ಮಗು ಒಂದು ಪದವನ್ನೂ ಓದುತ್ತಿರಲಿಲ್ಲ. ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಮೊದಮೊದಲು ನನಗೂ ವಿಚಿತ್ರವೆನಿಸಿತ್ತು. ಆದರೆ ಐದೇ ಅಕ್ಷರ ಕಲಿತ ಮಗು ಸರ, ರಸ, ಅರಸ, ಗರಗಸ ಎಂದು ಓದಿತು! ಬಡಿಗೇರ ಮನೆಯ ಒಬ್ಬ ಹುಡುಗ 'ಗರಗಸ' ಓದಿದವನೇ ಎದ್ದು ನಿಂತು, "ಇದು ನಮ್ಮಪ್ಪಂದು ಐತ್ರಿ" ಎಂದ. ಮರುದಿನ ನಿಜವಾದ ಗರಗಸವನ್ನೇ ಗೋಣಿಚೀಲದಲ್ಲಿ ಸುತ್ತಿ ತಂದ. ಶಾಲೆಗೆ ಬಂದ ಮೂರನೇ ವಾರಕ್ಕೆ ತನ್ನ ಅಪ್ಪನ ಕೆಲಸದ ಸಾಮಾನಿನ ಹೆಸರನ್ನು ಓದಿದ ಮಗು ಅದು.

ನಲಿಕಲಿಯ ಇನ್ನೊಂದು ಗುಣ ನನ್ನ ಮೊದಲ ಘಟನೆಗೆ ನೇರ ಸಂಬಂಧಿಸಿದ್ದು. ಮಗು ಹತ್ತು ದಿನ ಬರದೇ ಹೋದರೆ, ಹನ್ನೊಂದನೇ ದಿನ ಬಂದು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಪ್ರಗತಿ ನೋಟದಲ್ಲಿ ಅದರ ಗುರುತು ಎಲ್ಲಿದೆಯೋ ಅಲ್ಲಿಂದ. ಪಾಠ ಮುಂದೆ ಹೋಯಿತು, ನೀನು ಹಿಂದೆ ಬಿದ್ದೆ ಎಂಬ ಮಾತೇ ಇಲ್ಲ. ಎಚ್.ಡಿ. ಕೋಟೆ ಕಾಡಂಚಿನ ತಾಲ್ಲೂಕು, ಹಾಡಿಯ ಆದಿವಾಸಿ ಮಕ್ಕಳು ಎಲ್ಲ ದಿನ ಬರುವುದಿಲ್ಲ ಎಂಬುದು ಅಲ್ಲಿನ ಶಿಕ್ಷಕರಿಗೆ ಹಾಜರಿ ಪುಸ್ತಕದಿಂದ ದಿನವೂ ಗೊತ್ತಾಗುತ್ತಿತ್ತು. ಗೈರುಹಾಜರಾಗುವ ಮಗುವನ್ನು ಬಲ್ಲವರು ಯೋಚಿಸಿದಾಗ ಆ ಮಗುವಿಗೂ ಜಾಗವಿರುವ ಏರ್ಪಾಡು ಹುಟ್ಟುತ್ತದೆ. ನನ್ನ ಏಳನೇ ತರಗತಿಯ ಹುಡುಗಿಗೆ ಇಂಥ ಏಣಿ ಇರಲಿಲ್ಲ. ಅವಳ ಪುಸ್ತಕವನ್ನು ಯೋಜಿಸಿದವರ ಕಣ್ಣಮುಂದೆ ಇದ್ದದ್ದು ವರ್ಷಪೂರ್ತಿ ತಪ್ಪದೆ ಬರುವ ಮಗು.

ನಲಿಕಲಿಯಲ್ಲಿ ದೋಷವಿಲ್ಲ ಎನ್ನುವುದಿಲ್ಲ. ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಒಂದೇ ಕಡೆ ಅಚ್ಚಾಗಿ ಬರತೊಡಗಿದವು. ಮೊದಲಿನ ಶಿಕ್ಷಕರು ತಾವು ಬರೆದ ಕಾರ್ಡನ್ನು ನಾಳೆಯೇ ತಿದ್ದಬಲ್ಲವರಾಗಿದ್ದರು. ನಾವು ಪಡೆದವರು ಪೆಟ್ಟಿಗೆ ತೆರೆದು ಬಳಸುವವರಾದೆವು. ಮಲೆನಾಡಿನ ಮಗುವಿಗೆ ಹಲಸು ಹಿತ್ತಲಿನದು, ನಮ್ಮವರಿಗೆ ಅದು ಚಿತ್ರದಲ್ಲಿ ಕಾಣುವ ಹಣ್ಣು. ನಮ್ಮ ಸಜ್ಜೆ ಅವರಿಗೆ ಹಾಗೇ. ಕಾರ್ಡು ಹರಿದರೆ ಹೊಸದು ಬರುವ ತನಕ ಕಾಯುತ್ತಿದ್ದೆವು. ನಾವೇ ಒಂದು ಬರೆದು ಸೇರಿಸಬಹುದು ಎಂದು ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ತರಬೇತಿಯಲ್ಲಿ ಬಳಸುವುದನ್ನು ಕಲಿಸಿದರು. ಕಟ್ಟುವುದನ್ನು ಕಲಿಸಿದ್ದರೆ ಇಷ್ಟು ವರ್ಷಗಳಲ್ಲಿ ಪ್ರತಿ ತಾಲ್ಲೂಕಿನಲ್ಲೂ ಒಂದೊಂದು ಎಚ್.ಡಿ. ಕೋಟೆ ಆಗುತ್ತಿತ್ತು ಎಂದು ನಾನು ನಂಬುತ್ತೇನೆ.

ಕಾನೂನಿನ ಮಾತನ್ನೂ ಆಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ಪಠ್ಯಕ್ರಮವನ್ನು ಸರ್ಕಾರ ಗೊತ್ತುಪಡಿಸಿದ ಶೈಕ್ಷಣಿಕ ಪ್ರಾಧಿಕಾರ ರೂಪಿಸಬೇಕು ಎಂದಿದೆ. 24ನೇ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳಿವೆ: ಹೊತ್ತಿಗೆ ಸರಿಯಾಗಿ ಬರಬೇಕು, ನಿಗದಿತ ಅವಧಿಯೊಳಗೆ ಇಡೀ ಪಠ್ಯಕ್ರಮ ಮುಗಿಸಬೇಕು, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಬೇಕಾದವರಿಗೆ ಹೆಚ್ಚಿನ ಬೋಧನೆ ಕೊಡಬೇಕು. ರೂಪಿಸುವವರು ಒಂದು ಕಲಮಿನಲ್ಲಿ, ಮುಗಿಸುವವರು ಇನ್ನೊಂದರಲ್ಲಿ. ಆದರೂ ಪ್ರಾಧಿಕಾರವು ಶಿಕ್ಷಕರನ್ನು ಸೇರಿಸಿಕೊಳ್ಳಬಾರದು ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದಕ್ಕೂ ಮೊದಲು, 1993ರಲ್ಲಿ ಪ್ರೊ. ಯಶಪಾಲ್ ಸಮಿತಿ ಶಾಲಾ ಮಕ್ಕಳ ಹೊರೆಯ ಬಗ್ಗೆ ವರದಿ ಕೊಟ್ಟಾಗ, ಪಠ್ಯಕ್ರಮ ಮತ್ತು ಪಠ್ಯಪುಸ್ತಕ ರಚನೆಯನ್ನು ವಿಕೇಂದ್ರೀಕರಿಸಿ ಶಿಕ್ಷಕರ ಪಾಲನ್ನು ಹೆಚ್ಚಿಸಬೇಕೆಂದು ಶಿಫಾರಸು ಮಾಡಿತ್ತು. ಮೂವತ್ತು ವರ್ಷಗಳ ಮೇಲಾಯಿತು. ಆಗ ಒಂದನೇ ತರಗತಿಯಲ್ಲಿದ್ದವರು ಈಗ ನನ್ನ ಸಹೋದ್ಯೋಗಿಗಳು.

ಶಿಕ್ಷಕರ ಅನುಭವ ಪುಸ್ತಕವನ್ನು ಹೇಗೆ ಬೆಳೆಸುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ (ಈಗ ನರ್ಮದಾಪುರಂ) ಜಿಲ್ಲೆಯ ವಿಜ್ಞಾನ ಕಾರ್ಯಕ್ರಮಕ್ಕಿಂತ ಒಳ್ಳೆಯ ಪಾಠ ನಮ್ಮ ದೇಶದಲ್ಲಿ ಇಲ್ಲ. 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ ಅದನ್ನು ಶುರು ಮಾಡಿದವು, 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು, 1982ರಿಂದ ಏಕಲವ್ಯ ಸಂಸ್ಥೆ ಅದನ್ನು ನೋಡಿಕೊಂಡಿತು. ಆರರಿಂದ ಎಂಟನೇ ತರಗತಿಯ ಮಕ್ಕಳು ಅಗ್ಗದ ಕಿಟ್ ಹಿಡಿದು ತಾವೇ ಪ್ರಯೋಗ ಮಾಡುತ್ತಿದ್ದರು. ಸುತ್ತಲಿನ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಯಾವ ಪ್ರಯೋಗ ಕೂಡಿಬಂತು, ಯಾವುದು ಕೆಟ್ಟಿತು, ಮಕ್ಕಳು ಏನು ಕೇಳಿದರು ಎಂದು ಮಾತಾಡುತ್ತಿದ್ದರು. ಆ ಮಾತಿನಿಂದ ಪುಸ್ತಕದ ಅಧ್ಯಾಯಗಳು ಬದಲಾಗುತ್ತಿದ್ದವು. ಪರೀಕ್ಷೆಯೂ ಅದಕ್ಕೆ ತಕ್ಕಂತೆ, ಪುಸ್ತಕ ತೆರೆದು ಬರೆಯುವಂಥದ್ದು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ನಿಂತದ್ದಕ್ಕೆ ನನಗೆ ದುಃಖವಿದೆ. ಹಾಗೆಯೇ, ಹಳ್ಳಿಯ ಶಿಕ್ಷಕರು ಮೂವತ್ತು ವರ್ಷ ಅದನ್ನು ನಡೆಸಿ ತೋರಿಸಿದರು ಎಂಬುದನ್ನೂ ತಾವು ಗಮನಿಸಬೇಕು.

ಈಗ ನನ್ನ ತರಗತಿಗೆ ಮರಳುತ್ತೇನೆ. ಋಣ ಸಂಖ್ಯೆ ಕಲಿಸುವಾಗ ಎಲ್ಲರೂ ಕೊಡುವ ಉದಾಹರಣೆ ಉಷ್ಣಮಾಪಕದ್ದು: ಸೊನ್ನೆಗಿಂತ ಕೆಳಗಿಳಿದ ತಾಪಮಾನ. ರಾಯಚೂರಿನ ಮಕ್ಕಳಿಗೆ ಸೊನ್ನೆಗಿಂತ ಕೆಳಗಿನ ಚಳಿ ಎಂದರೆ ಕಥೆಯಲ್ಲಿ ಕೇಳಿದ್ದು. ಅವರು ಬಲ್ಲದ್ದು ನಲವತ್ತರ ಮೇಲಿನ ಬಿಸಿಲು. ಒಂದು ವರ್ಷ ಅವರನ್ನು ಊರ ಹೊರಗಿನ ಹಳೆಯ ಮೆಟ್ಟಿಲುಬಾವಿಗೆ ಕರೆದೊಯ್ದೆ. ಬಾವಿಯ ಕಟ್ಟೆ ಸೊನ್ನೆ. ಪಕ್ಕದ ಗುಡಿಗೆ ಹತ್ತುವ ಮೆಟ್ಟಿಲು ಧನ, ನೀರಿಗೆ ಇಳಿಯುವ ಮೆಟ್ಟಿಲು ಋಣ. ನೀರು ಋಣ ಒಂಬತ್ತರಲ್ಲಿತ್ತು. "ಋಣ ಎರಡು ದೊಡ್ಡದೋ, ಋಣ ಏಳು ದೊಡ್ಡದೋ?" ಎಂದರೆ ಪ್ರತಿ ವರ್ಷ ಅರ್ಧ ತರಗತಿ ಏಳು ಎನ್ನುತ್ತಿತ್ತು. ಅಂದು ಏಳನೇ ಮೆಟ್ಟಿಲಲ್ಲಿ ನಿಂತ ಹುಡುಗ ತಲೆ ಎತ್ತಿ ಎರಡನೇ ಮೆಟ್ಟಿಲಲ್ಲಿದ್ದವಳನ್ನು ನೋಡಿ, "ಆಕಿ ಮ್ಯಾಲದಾಳ್ರಿ, ಆಕೀದ ದೊಡ್ಡದು" ಎಂದ. ಬೇಸಿಗೆಯಲ್ಲಿ ನೀರು ಋಣ ಹದಿನಾಲ್ಕಕ್ಕೆ ಇಳಿದಿದೆ ಎಂದು ಮಕ್ಕಳೇ ಬಂದು ವರದಿ ಕೊಟ್ಟರು.

ಈ ಬಾವಿಯ ಪಾಠ ರಾಜ್ಯದ ಎಲ್ಲ ಮಕ್ಕಳ ಪುಸ್ತಕಕ್ಕೆ ಬರಬೇಕು ಎಂದು ನಾನು ಕೇಳುತ್ತಿಲ್ಲ. ಉಳ್ಳಾಲದ ಶಿಕ್ಷಕಿ ಇದನ್ನೇ ಕಡಲ ಉಬ್ಬರ ಇಳಿತದಲ್ಲಿ ಕಲಿಸಬಹುದು, ಬೆಂಗಳೂರಿನವರು ಕಟ್ಟಡದ ನೆಲಮಾಳಿಗೆಯಲ್ಲಿ. ಅವರು ಹಾಗೆ ಮಾಡುತ್ತಲೂ ಇರಬಹುದು, ನನಗೆ ಗೊತ್ತಿಲ್ಲ. ಅವರಿಗೆ ನನ್ನದು ಗೊತ್ತಿಲ್ಲ. ಹತ್ತನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳಂತೂ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ಅನುವಾದ. ದೇಶದ ಮಟ್ಟಕ್ಕೆ ನಮ್ಮ ಮಕ್ಕಳು ನಿಲ್ಲಬೇಕೆಂಬ ಕಾಳಜಿಯನ್ನು ನಾನು ಒಪ್ಪುತ್ತೇನೆ. ಅನುವಾದವಾಗಿ ಬಂದ ಪುಸ್ತಕಕ್ಕೆ ನಮ್ಮ ನೆಲದ ಉದಾಹರಣೆ ಹೊಂದಿಸುವ ಕೆಲಸವನ್ನು ಶಿಕ್ಷಕರಲ್ಲದೆ ಇನ್ನಾರು ಮಾಡಬೇಕು? ಮಾಡಿದ್ದು ಎಲ್ಲಿ ಉಳಿಯಬೇಕು?

ಹಾಗಾದರೆ ಏನು ಮಾಡಬಹುದು? ನಮ್ಮಲ್ಲಿ ಈಗಾಗಲೇ ಇರುವ ಒಂದು ಏರ್ಪಾಡಿನಿಂದಲೇ ಶುರು ಮಾಡಬಹುದು: ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆ. ಇಂದು ಅಲ್ಲಿ ಸುತ್ತೋಲೆ ಓದುತ್ತೇವೆ, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್‌ ಜಾಲತಾಣದಲ್ಲಿ ಏನು ಬಾಕಿ ಇದೆ, ಶೂ ಸಾಕ್ಸ್ ಬಿಲ್ಲು ಬಂತೇ, ಯಾವ ದಿನಾಚರಣೆಯ ಫೋಟೊ ಕಳಿಸಬೇಕು ಎಂಬುದರಲ್ಲಿ ಹೊತ್ತು ಮುಗಿಯುತ್ತದೆ. ಸಭೆ ನಡೆಸುವ ಸಿಆರ್‌ಪಿಗಳನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು) ದೂರಿ ಫಲವಿಲ್ಲ, ಮೇಲಿನಿಂದ ಅವರನ್ನು ಕೇಳುವುದೂ ಅದನ್ನೇ. ಆ ಸಭೆಯ ಅರ್ಧ ದಿನವನ್ನು ಪಾಠಕ್ಕೇ ಬಿಟ್ಟುಕೊಡಿ. ಈ ತಿಂಗಳು ಯಾವ ಪಾಠ ಮಕ್ಕಳಿಗೆ ಹತ್ತಲಿಲ್ಲ, ಯಾವ ಪದದಲ್ಲಿ ಎಡವಿದರು, ಯಾವುದನ್ನು ಬೇರೆ ರೀತಿ ಮಾಡಿದಾಗ ಕಣ್ಣು ಅರಳಿತು ಎಂದು ಬರೆದು ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಕಳಿಸೋಣ. ಡಯಟ್‌ನಿಂದ ಪಠ್ಯಪುಸ್ತಕ ಸಂಘಕ್ಕೆ. ಅದಕ್ಕೆ ಉತ್ತರ ಬರಬೇಕು, ಇದು ಮುಖ್ಯ. ಒಪ್ಪಿದ್ದೇವೆ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ ಎಂದೋ, ಇಂಥ ಕಾರಣಕ್ಕೆ ಒಪ್ಪಲಾಗುವುದಿಲ್ಲ ಎಂದೋ. ಕೇಳಿಸಿಕೊಂಡರು ಎಂದು ಗೊತ್ತಾದರೆ ಶಿಕ್ಷಕರು ಬರೆಯುತ್ತಾರೆ. ಎರಡು ವರ್ಷ ಉತ್ತರವೇ ಬಾರದಿದ್ದರೆ ಇದೂ ಇನ್ನೊಂದು ನಮೂನೆ ಆಗಿ, ಹಿಂದಿನ ತಿಂಗಳದ್ದನ್ನೇ ನಕಲು ಮಾಡಿ ಕಳಿಸುತ್ತೇವೆ. ನನ್ನವರನ್ನು ನಾನು ಬಲ್ಲೆ.

ಎರಡನೆಯದು, ಪುಸ್ತಕ ಅಚ್ಚಾಗುವ ಮುನ್ನ ಒಂದು ಇಡೀ ಶೈಕ್ಷಣಿಕ ವರ್ಷ ಅದನ್ನು ತರಗತಿಯಲ್ಲಿ ಮಾಡಿ ನೋಡಬೇಕು. ಒಂದೇ ಜಿಲ್ಲೆಯಲ್ಲಿ ಅಲ್ಲ. ನಮ್ಮ ಎರೆಸೀಮೆಯ ಶಾಲೆ, ಮಲೆನಾಡಿನ ಏಕೋಪಾಧ್ಯಾಯ ಶಾಲೆ, ಹಾಡಿಯ ಆಶ್ರಮ ಶಾಲೆ, ಗಡಿಯ ಮರಾಠಿ ತೆಲುಗು ಮನೆಮಾತಿನ ಮಕ್ಕಳಿರುವ ಶಾಲೆ, ಉರ್ದು ಶಾಲೆ, ಬೆಂಗಳೂರಿನ ವಲಸೆ ಕಾರ್ಮಿಕರ ಮಕ್ಕಳಿರುವ ಶಾಲೆ. ನಮ್ಮೂರಿಂದ ಗುಳೆ ಹೋದ ಮಕ್ಕಳು ಆ ಕೊನೆಯ ಶಾಲೆಯಲ್ಲಿ ಸಿಕ್ಕರೂ ಸಿಗಬಹುದು. ರೈತ ಹೊಸ ಬೀಜವನ್ನು ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕುವುದಿಲ್ಲ, ಒಂದು ಮಡಿಯಲ್ಲಿ ಹಾಕಿ ನೋಡುತ್ತಾನೆ. ಲಕ್ಷಾಂತರ ಮಕ್ಕಳ ಕೈಗೆ ಹೋಗುವ ಪುಸ್ತಕಕ್ಕೆ ಅಷ್ಟು ಎಚ್ಚರ ಬೇಡವೇ?

ರಚನಾ ಸಮಿತಿಗೆ ಶಿಕ್ಷಕರನ್ನು ತೆಗೆದುಕೊಂಡಾಗ ಅವರ ಶಾಲೆಗೆ ಬದಲಿ ಶಿಕ್ಷಕರನ್ನು ಕೊಟ್ಟು, ಕನಿಷ್ಠ ಒಂದು ವರ್ಷ ಇದೇ ಕೆಲಸಕ್ಕೆ ಬಿಡಿ. ಉದ್ದೇಶ ಮತ್ತು ಅನುಕ್ರಮ ತೀರ್ಮಾನಿಸುವ ಮೊದಲ ಸಭೆಯಿಂದಲೇ ಅವರು ಇರಲಿ. ಪ್ರಾಥಮಿಕ ತರಗತಿಯ ಪುಸ್ತಕಕ್ಕೆ ಪ್ರಾಥಮಿಕ ಶಾಲೆಯವರೇ ಹೆಚ್ಚಿರಲಿ. ಮೂರನೇ ತರಗತಿಯ ಮಗು ಹೇಗೆ ಓದುತ್ತದೆ ಎಂಬುದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗಿಂತ ಆ ಮಗುವಿನ ಪಕ್ಕ ಕೂತು ಓದಿಸುವವರಿಗೆ ಹೆಚ್ಚು ಗೊತ್ತು. ವಿಷಯದ ಆಳಕ್ಕೆ ಪ್ರಾಧ್ಯಾಪಕರು ಬೇಕೇ ಬೇಕು. ಇಬ್ಬರೂ ಒಂದೇ ಮೇಜಿನ ಸುತ್ತ, ಒಂದೇ ಎತ್ತರದ ಕುರ್ಚಿಯಲ್ಲಿ ಕೂರಲಿ.

ಪಠ್ಯಕ್ರಮದ ಒಂದು ಭಾಗವನ್ನು ಊರಿಗೆ ಬಿಡಿ ಎಂಬುದು ನನ್ನ ಇನ್ನೊಂದು ಕೋರಿಕೆ. ಐದರಲ್ಲಿ ಒಂದು ಪಾಲು ಸಾಕು. ಹತ್ತಿ, ಭತ್ತ, ಅಡಿಕೆ, ಮೀನುಗಾರಿಕೆ, ನೇಕಾರಿಕೆ, ಊರ ಕೆರೆ, ಸಂತೆ, ಜಾತ್ರೆ, ಯಾವುದಾದರೂ. ಅದಕ್ಕೆ ಮಾರ್ಗಸೂಚಿ ಕೊಡಿ, ಮೌಲ್ಯಮಾಪನವನ್ನು ಶಾಲೆಗೇ ಬಿಡಿ. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಅದು ಬರದಿದ್ದರೆ ಯಾರೂ ಕಲಿಸುವುದಿಲ್ಲ ಎಂದು ಹೇಳುವವರಿದ್ದಾರೆ. ಆ ಭಯ ಪೂರ್ತಿ ಸುಳ್ಳಲ್ಲ, ನಮ್ಮನ್ನು ಬೆಳೆಸಿರುವುದೇ ಹಾಗೆ. ಆದರೂ ಒಮ್ಮೆ ಕೊಟ್ಟು ನೋಡಿ.

ಸಮಯ ಎಲ್ಲಿದೆ ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ, ನ್ಯಾಯವಾಗಿ. ಚುನಾವಣೆ, ಗಣತಿ, ಮೊಟ್ಟೆ, ಹಾಲು, ಆಧಾರ್, ಆನ್‌ಲೈನ್ ನಮೂದು. 2025ರ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದ್ದೂ ನಾವೇ, ಅದಕ್ಕಾಗಿ ದಸರಾ ರಜೆಯನ್ನೂ ವಿಸ್ತರಿಸಬೇಕಾಯಿತು. ಇಡೀ ರಾಜ್ಯದ ಕುಟುಂಬಗಳ ಮಾಹಿತಿ ತರಲು ಸರ್ಕಾರ ನಮ್ಮನ್ನು ನಂಬಿತು. ಅದೇ ಮನೆಗಳ ಮಕ್ಕಳು ಏನು ಓದಬೇಕು ಎಂಬ ಮಾತಿಗೂ ಅಷ್ಟೇ ನಂಬಿಕೆಯಿಂದ ಕರೆಯಿರಿ. ಖಾಲಿ ಹುದ್ದೆ ತುಂಬದೆ ಇದು ಯಾವುದೂ ಸಾಗದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಐದು ತರಗತಿಗೆ ಇಬ್ಬರೇ ಇರುವ ಶಾಲೆಯಲ್ಲಿ ಪಠ್ಯಕ್ರಮದ ಮಾತಾಡಲು ಯಾರಿಗೂ ಉಸಿರಿರುವುದಿಲ್ಲ.

ಆ ಹುಡುಗಿಯ ಬಗ್ಗೆ ಹೇಳಿ ಮುಗಿಸುತ್ತೇನೆ. ಆ ವರ್ಷದ ಮೌಖಿಕ ಪರೀಕ್ಷೆಯಲ್ಲಿ ನಾನು ಅವಳಿಗೆ ಹತ್ತಿ ಹೂವನ್ನೇ ಕೊಟ್ಟು ವಿವರಿಸಲು ಹೇಳಿದೆ, ಪೂರ್ಣ ಅಂಕ ಕೊಟ್ಟೆ. ಎಂಟನೇ ತರಗತಿಗೆ ಪಕ್ಕದ ಊರಿನ ಪ್ರೌಢಶಾಲೆಗೆ ಸೇರಿದಳು. ಮುಂದಿನ ವರ್ಷಗಳಲ್ಲಿ ಆ ಪಾಠವನ್ನು ನಾನು ಪಾಠ ಹಂಚಿಕೆಯ ಅನುಕ್ರಮ ಬಿಟ್ಟು, ಕ್ರಾಸಿಂಗ್ ಶುರುವಾಗುವ ಮೊದಲೇ ಮಾಡುತ್ತ ಬಂದಿದ್ದೇನೆ. ಮಕ್ಕಳು ಹತ್ತಿ ಹೂ ತರುತ್ತಾರೆ. ಹೊಲದ ಕೆಲಸದ ಬಗ್ಗೆ, ಔಷಧಿ ಸಿಂಪಡಿಸಿದ ಹೂ ಮುಟ್ಟಿದರೆ ಏನಾಗುತ್ತದೆ ಎಂಬ ಬಗ್ಗೆ, ಶಾಲೆ ಯಾಕೆ ಬಿಡಬಾರದು ಎಂಬ ಬಗ್ಗೆ ಅದೇ ಪಾಠದಲ್ಲಿ ಮಾತಾಗುತ್ತದೆ. ಪಾಲಕರನ್ನೂ ಒಂದು ದಿನ ಕರೆಸುತ್ತೇನೆ. ಅನುಕ್ರಮ ತಪ್ಪಿಸಿದ್ದಕ್ಕೆ ತಪಾಸಣೆಗೆ ಬಂದವರಿಂದ ಎರಡು ಸಲ ಕಾರಣ ಕೇಳಿಸಿಕೊಂಡಿದ್ದೇನೆ. ಕಾರಣ ಬರೆದು ಕೊಟ್ಟಿದ್ದೇನೆ.

ನನ್ನ ಬಳಿ ಹದಿನಾಲ್ಕು ನೋಟ್‌ಬುಕ್‌ಗಳಿವೆ. ಯಾವ ಪಾಠವನ್ನು ಹೇಗೆ ಮಾಡಿದೆ, ಯಾವ ಮಗು ಏನು ಕೇಳಿತು, ಎಲ್ಲಿ ನಾನು ಸೋತೆ ಎಂಬುದೆಲ್ಲ ತಾರೀಖಿನ ಸಮೇತ ಇದೆ. ಇಂಥ ನೋಟ್‌ಬುಕ್‌ಗಳು ರಾಜ್ಯದ ಎಷ್ಟೋ ಶಾಲೆಗಳ ಬೀರುಗಳಲ್ಲಿವೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೋಗುವಾಗ ಅವು ರದ್ದಿಗೆ ಹೋಗುತ್ತವೆ. ನನ್ನ ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ. ಹೊಸ ಪಠ್ಯಕ್ರಮದ ಕೆಲಸ ಶುರುವಾಗುವ ಮುನ್ನ ಇವುಗಳನ್ನು ಯಾವ ಕಚೇರಿಗೆ, ಯಾರ ಹೆಸರಿಗೆ ಕಳಿಸಬೇಕು ಎಂದು ದಯವಿಟ್ಟು ಒಂದು ಸುತ್ತೋಲೆಯ ಮೂಲಕ ನಮಗೆಲ್ಲ ತಿಳಿಸಿ. ಅಂಚೆ ಖರ್ಚು ನಮ್ಮದೇ ಇರಲಿ.

ಇತಿ ತಮ್ಮ ವಿಶ್ವಾಸಿ,
ಸಹಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ರಾಯಚೂರು ಜಿಲ್ಲೆ